ಹಳೇ ಫಾರ್ಗೋ ಲಾರಿಗೆ ಹೀಟರ್ ಪೈಪು ಹೆಂಗೆ ಎಳೀಬೇಕು? ಬಾನೆಟ್ ಎತ್ತಿದಾಗ ಕಾಣದ ಹಂಗೆ ಮಾಡಕ್ಕಾಗುತ್ತಾ?

ತಾತನ ಕಾಲದ ಫಾರ್ಗೋ ರೆಡಿ ಮಾಡ್ತಿದ್ದೀರಿ, ಹೀಟರ್ ಪೈಪು ಎಡಕ್ಕೋ ಬಲಕ್ಕೋ, ಕಾಣದ ಹಂಗೆ ಮೇಲಿಂದ ತಗೊಂಡು ಹೋಗ್ಬಹುದಾ ಅಂತ ಕೇಳಿದ್ದೀರಿ. ಆ "ಕಾಣದ ಹಂಗೆ" ಅನ್ನೋದನ್ನ ಓದಿದ ತಕ್ಷಣ ನಂಗೆ ಮೇಲುಕೋಟೆ ರಸ್ತೆ ನೆನಪಾಯ್ತು ಸ್ವಾಮಿ. ನಾನು ಹಾಳಾಗಿದ್ದೇ ಆ ಆಸೆಯಿಂದ.

ನಂದು ಫಾರ್ಗೋ ಅಲ್ಲ, ಮಹೀಂದ್ರ ಎಫ್‌ಸಿ 150. ಗೊತ್ತಿರುತ್ತೆ ನಿಮಗೆ, ಮೂತಿನೇ ಇಲ್ಲದ ಜೀಪ್ ಟ್ರಕ್ಕು, ಎಂಜಿನ್ನು ಡ್ರೈವರ್ ಪಕ್ಕದಲ್ಲೇ ತಗಡಿನ ಡಬ್ಬದೊಳಗೆ ಕೂತಿರುತ್ತೆ, 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್. ಊಟಿ ಕಡೆ ಎಸ್ಟೇಟ್‌ನಲ್ಲಿ ಓಡಿದ ಗಾಡಿ, ಅದಕ್ಕೇ ಯಾರೋ ಅದಕ್ಕೆ ಹೀಟರ್ ಹಾಕ್ಸಿದ್ರು, ಎಂಜಿನ್ನಿನ ಬಿಸಿ ನೀರನ್ನ ಪೈಪಲ್ಲಿ ತಂದು ಕ್ಯಾಬಿನ್ ಬೆಚ್ಚಗೆ ಮಾಡೋ ಡಬ್ಬ ಅದು. ಮಂಡ್ಯದಲ್ಲಿ ಹೀಟರ್ ಯಾಕೆ ಅಂತ ಮನೇಲಿ ಎಲ್ರೂ ನಕ್ರು, ನಾನು ಮಾತ್ರ ಒರಿಜಿನಲ್ ಇದ್ದಂಗೇ ಇರ್ಲಿ ಅಂತ ಹಠ ಹಿಡಿದೆ. ಹಳೇ ಪೈಪು ಕೆಳಗಡೆ ಜೋತಾಡ್ತಾ ಅಸಹ್ಯವಾಗಿ ಕಾಣ್ತಿತ್ತು, ಅದನ್ನ ಕಿತ್ತು ಹೊಸ ಪೈಪನ್ನ ಡ್ಯಾಶ್‌ಬೋರ್ಡ್ ಹಿಂದಿನಿಂದ ಮೇಲಕ್ಕೆ ಹತ್ಸಿ, ಒಂದು ಸುತ್ತು ಬಳಸಿ ಇಳಿಸ್ದೆ. ಒಂದು ಕ್ಲಿಪ್ಪೂ ಕಾಣ್ತಿರಲಿಲ್ಲ, ಫೋಟೋ ಹೊಡೆದು ಎಲ್ರಿಗೂ ಕಳ್ಸಿದ್ದೇ ಕಳ್ಸಿದ್ದು.

ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಉದ್ದ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಆ ಸುತ್ತು ಹಾಕಿದ ಪೈಪಿನ ಎತ್ತರದ ಭಾಗ ರೇಡಿಯೇಟರ್ ಕ್ಯಾಪ್‌ಗಿಂತ ಒಂದು ಗೇಣು ಮೇಲಿತ್ತು. ನೀರು ಹುಯ್ಯೋದು ಕ್ಯಾಪಿನಲ್ಲಿ. ಹುಯ್ದ ಮಟ್ಟಕ್ಕಿಂತ ಮೇಲಕ್ಕೆ ನೀರು ತಾನಾಗೇ ಹತ್ತಲ್ಲ, ಅಲ್ವಾ? ಎಂಜಿನ್ ಓಡುವಾಗ ಪಂಪ್ ತಳ್ಳಿ ಹತ್ಸುತ್ತೆ ಸರಿ, ಆದ್ರೆ ನಾನು ಹೀಟರ್‌ಗೆ ನೀರು ಬಿಡೋ ನಲ್ಲಿನ ಮುಚ್ಚಿಟ್ಟೇ ನೀರು ತುಂಬ್ಸಿದ್ದೆ, ಮುಚ್ಚಿಟ್ಟೇ ಹದಿನೈದು ದಿನ ಓಡ್ಸಿದ್ದೆ. ಅಂದ್ರೆ ಹೀಟರ್ ಡಬ್ಬ, ಮೇಲಿನ ಪೈಪು ಎರಡರಲ್ಲೂ ನೀರಿಲ್ಲ, ಬರೀ ಗಾಳಿ. ರೇಡಿಯೇಟರ್ ಕಂಠಪೂರ್ತಿ ತುಂಬಿದೆ ಅಂತ ನಾನು ಆರಾಮಾಗಿದ್ದೆ, ಮಂಡ್ಯ ಮೈಸೂರು ಎರಡು ಸಲ ಹೋಗ್ಬಂದೆ, ಏನೂ ಆಗ್ಲಿಲ್ಲ.

ಆಮೇಲೆ ಒಂದಿನ ಸೋದರಮಾವ, ಅತ್ತೆ ಇಬ್ರನ್ನೂ ಕೂರಿಸ್ಕೊಂಡು ಮೇಲುಕೋಟೆಗೆ ಹೊರಟೆ. ಜಕ್ಕನಹಳ್ಳಿ ದಾಟಿ ಏರು ಶುರುವಾಯ್ತಲ್ಲ, ಟೆಂಪರೇಚರ್ ಮುಳ್ಳು ನಿಧಾನಕ್ಕೆ ಏರ್ತು. ನಾನು ಬುದ್ಧಿವಂತ, ಹೀಟರ್ ಬಿಟ್ರೆ ಎಂಜಿನ್ ಬಿಸಿ ಇಳಿಯುತ್ತೆ ಅಂತ ಎಲ್ಲೋ ಕೇಳಿದ್ದೆ. ಅದು ಸುಳ್ಳಲ್ಲ, ಲೈನಿನಲ್ಲಿ ನೀರಿದ್ರೆ ಇಳಿಯುತ್ತೆ. ನಲ್ಲಿ ತಿರುಗಿಸ್ದೆ. ಅಷ್ಟೂ ಗಾಳಿ ಒಂದೇ ಸಲ ಪಂಪಿನ ಬಾಯಿಗೆ ಹೋಯ್ತು. ಗಾಳಿ ಸಿಕ್ಕ ಪಂಪ್ ಸುಮ್ನೆ ತಿರುಗುತ್ತೆ, ತಳ್ಳಲ್ಲ. ನೀರು ನಿಂತೇ ಹೋಯ್ತು. ಮುಳ್ಳು ಏನಾಯ್ತು ಗೊತ್ತಾ? ಇಳೀತು! ಸೆನ್ಸರ್ ನೀರಲ್ಲಿ ಮುಳುಗಿದ್ರೆ ತಾನೇ ಸರಿ ತೋರ್ಸೋದು, ಸುತ್ತ ನೀರಿಲ್ಲದೆ ಆವಿ ಇದ್ರೆ ಕಮ್ಮಿ ತೋರ್ಸುತ್ತೆ. ನಾನು "ನೋಡಿದ್ರಾ ಮಾವ, ಇಳೀತು" ಅಂತ ಆಕ್ಸಿಲರೇಟರ್ ಒತ್ತಿದೆ. ಒಂದು ಫರ್ಲಾಂಗ್ ಹೋಗಿರ್ಬೇಕು, ಎಂಜಿನ್ ಡಬ್ಬದ ಸಂದಿಯಿಂದ ಬುಸ್ಸಂತ ಆವಿ ಕ್ಯಾಬಿನ್ ಒಳಗೇ ಬಂತು, ಅತ್ತೆ ಹೂವಿನ ಬುಟ್ಟಿ ಎತ್ಕೊಂಡು ಕೂಗ್ತಾ ಇಳಿದ್ರು.

ಕ್ಯಾಪ್ ತೆಗಿಯಕ್ಕೆ ಹೋದೆ, ಮಾವ ಕೈ ಹಿಡ್ಕೊಂಡ್ರು. ಅರ್ಧ ಗಂಟೆ ಬೇವಿನ ಮರದ ಕೆಳಗೆ ಕೂತ್ವಿ. ಮಾವನಿಗೆ ಗಾಡಿ ಗೊತ್ತಿಲ್ಲ, ಕಬ್ಬಿನ ಗದ್ದೆ ಪಂಪ್‌ಸೆಟ್ ಗೊತ್ತು. ನಾನು ಪೈಪು ಎಲ್ಲೆಲ್ಲಿ ಹೋಗಿದೆ ಅಂತ ತೋರಿಸ್ತಿದ್ದಂಗೇ, "ಏನ್ಲಾ ಇದು, ನಮ್ ಮೋಟ್ರು ಏರ್ ಹಿಡ್ಕಂಡಂಗೆ ಹಿಡ್ಕಂಡದಲ್ಲ. ಪೈಪ್ನ ಅಷ್ಟು ಮ್ಯಾಲಕ್ಕೆ ಯಾಕ್ಲಾ ಎತ್ತಿದ್ದೀಯ?" ಅಂದ್ರು. ಮೂರು ಮೆಕ್ಯಾನಿಕ್ ಹತ್ರ ತೋರ್ಸಿದ್ದೆ, ಒಬ್ರೂ ಇದನ್ನ ಹೇಳಿರಲಿಲ್ಲ. ಹೆಡ್ ಅಂದ್ರೆ ಎಂಜಿನ್ನಿನ ಮೇಲಿನ ಮುಚ್ಚಳ, ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿತ್ತು, ಹೆಡ್ಡೂ ಬೆಂಡಾಗಿತ್ತು, ಮೈಸೂರಲ್ಲಿ ಫೇಸಿಂಗ್ ಮಾಡ್ಸಿ, ಅಂದ್ರೆ ಉಜ್ಜಿ ಮಟ್ಟ ಮಾಡ್ಸಿ, ಎಲ್ಲಾ ಸೇರಿ 18,000 ಆಯ್ತು. ಪುಳಿಯೋಗರೆನೂ ಸಿಗ್ಲಿಲ್ಲ.

ಅದಕ್ಕೇ ಹೇಳ್ತೀನಿ, ಎಡ ಬಲ ಅನ್ನೋದು ಪ್ರಶ್ನೆನೇ ಅಲ್ಲ. ಬಿಸಿ ನೀರು ಹೊರಡೋದು ಹೆಡ್ ಕಡೆಯಿಂದ, ತರ್ಮೋಸ್ಟಾಟ್‌ಗಿಂತ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡೋ ಬಾಗಿಲು) ಮುಂಚೆ ಇರೋ ಜಾಗದಿಂದ. ವಾಪಸ್ ಬರೋದು ಪಂಪ್ ಎಳ್ಕೊಳ್ಳೋ ಕಡೆಗೆ, ಅಂದ್ರೆ ರೇಡಿಯೇಟರ್ ಕೆಳಗಿನ ಪೈಪು ಬಂದು ಸೇರೋ ಕಡೆಗೆ. ಎರಡನ್ನೂ ಪಂಪ್ ತಳ್ಳೋ ಕಡೆಗೇ ಕೊಟ್ರೆ ನೀರು ಅಲ್ಲಾಡಲ್ಲ, ಹೀಟರ್ ತಣ್ಣಗಿರುತ್ತೆ. ಪೈಪಿನ ಯಾವ ಭಾಗವೂ ಕ್ಯಾಪ್‌ಗಿಂತ ಮೇಲೆ ಹೋಗ್ಬಾರ್ದು, ಹೋಗಲೇಬೇಕು ಅಂದ್ರೆ ಅಲ್ಲೊಂದು ಗಾಳಿ ಬಿಡೋ ಸ್ಕ್ರೂ ಹಾಕ್ಸಿ. ನೀರು ತುಂಬ್ಸೋವಾಗ ಮುಂದಿನ ಚಕ್ರ ದಿಬ್ಬಕ್ಕೆ ಹತ್ಸಿ, ಹೀಟರಿನ ನಲ್ಲಿನ ಪೂರ್ತಿ ಬಿಟ್ಟು, ತಣ್ಣಗಿರೋ ಎಂಜಿನ್ನಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲೋವರೆಗೂ ತುಂಬ್ತಾ ಇರಿ. ಬೋರ್‌ವೆಲ್ ನೀರು ದಯವಿಟ್ಟು ಬೇಡ, ಒಳಗೆ ಬಿಳೀ ಗಾರೆ ಕಟ್ಟುತ್ತೆ, ಕೂಲೆಂಟೇ ಹಾಕಿ.

ಪೈಪು ಹೀಟರ್‌ಗೇ ಅಂತ ಮಾಡಿದ್ದನ್ನೇ ತಗೊಳ್ಳಿ, ಪೆಟ್ರೋಲ್ ಪೈಪು, ತೋಟದ ಪೈಪು ಯಾವ್ದೂ ನಡೆಯಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ, ಅಂದ್ರೆ ಎಂಜಿನ್ನಿಂದ ಬಿಸಿ ಹೊಗೆ ಹೊರಡೋ ಕೊಳವೆಯಿಂದ, ಒಂದು ಗೇಣು ದೂರ ಇರ್ಲಿ, ತಗಡು ದಾಟೋ ತೂತಿಗೆ ರಬ್ಬರ್ ಬುಶ್ ಹಾಕಿ, ಎಂಜಿನ್ ಅಲ್ಲಾಡುತ್ತಲ್ಲ ಅದಕ್ಕೆ ಸ್ವಲ್ಪ ಸಡಿಲ ಬಿಡಿ. ಹಿಂಗೆಲ್ಲ ಮಾಡಿದ್ರೆ ಪೈಪು ಕಾಣುತ್ತೆ. ಕಾಣ್ಲಿ ಬಿಡ್ರೀ, ಹಳೇ ಲಾರಿ ಬಾನೆಟ್ ಎತ್ತಿದ್ರೆ ಪೈಪಲ್ಲದೆ ಇನ್ನೇನು ಕಾಣ್ಬೇಕು?

ಹೀಟರೇ ಬೇಡ, ಎರಡೂ ತೂತಿಗೆ ಬಿರಡೆ ಹೊಡೀರಿ ಅಂತ ಯಾರಾದ್ರೂ ಹೇಳ್ತಾರೆ. ನಮ್ಮ ಹವೆಗೆ ಅದೂ ಸರಿನೇ, ಆದ್ರೆ ಕೆಲವು ಎಂಜಿನ್ನಿನಲ್ಲಿ ತರ್ಮೋಸ್ಟಾಟ್ ಮುಚ್ಚಿದ್ದಾಗ ನೀರು ತಿರುಗೋಕೆ ಆ ಹೀಟರ್ ಲೈನೇ ದಾರಿ, ಅದನ್ನ ಮುಚ್ಚಿದ್ರೆ ಇನ್ನೊಂದು ಮೇಲುಕೋಟೆ ಆಗುತ್ತೆ. ನಿಮ್ಮ ಪಂಪ್‌ನಿಂದ ತರ್ಮೋಸ್ಟಾಟ್ ಡಬ್ಬಕ್ಕೆ ಬೇರೆ ಸಣ್ಣ ಪೈಪು ಇದ್ಯಾ ನೋಡಿ, ಪಂಪ್ ಕಡೆಯಿಂದ ಒಂದು ಫೋಟೋ ಹಾಕಿ, ಬಾನೆಟ್ ಪೇಂಟ್ ಫೋಟೋ ಬೇಡ.