ತಾರಸ್ಥಾಯಿಗೆ ಅಂಕ ಕೊಡುವ ಮೊದಲು

ಪ್ರಿಯರೇ,

‘ಯಾರು ನಿಜವಾದ ಸೂಪರ್‌ಸ್ಟಾರ್?’ ಎಂಬ ನಿಮ್ಮ ಲೇಖನ ಓದಿದೆ. ಯೇಸುವಿನ ಕೊನೆಯ ದಿನಗಳನ್ನು ರಾಕ್ ಹಾಡುಗಳಲ್ಲೇ ಹೇಳುವ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ರಾಕ್ ಆಪೆರಾದ ಐದು ಆವೃತ್ತಿಗಳನ್ನು ತೆಗೆದುಕೊಂಡಿದ್ದೀರಿ: 1970ರ ಆಲ್ಬಮ್, 1973ರ ಸಿನಿಮಾ, 2000ದ ವಿಡಿಯೊ ಚಿತ್ರ, 2012ರ ಅರೀನಾ ಪ್ರದರ್ಶನ, 2018ರ ಟಿವಿ ನೇರಪ್ರಸಾರ. ಪ್ರತಿಯೊಬ್ಬ ಗಾಯಕನಿಗೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿದ್ದೀರಿ. ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ನಿಮಗೆ ಕಿವಿ ಇದೆ ಅನ್ನುವುದು ಲೇಖನದ ಒಂದು ಸಾಲಿನಿಂದ ಗೊತ್ತಾಯಿತು. ಅದಿಲ್ಲದಿದ್ದರೆ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗುತ್ತಿದ್ದೆ.

ಮೊದಲು ಸುಲಭವಾದದ್ದು. ಸಂಗೀತಕ್ಕೆ ಎಲ್ಲೆಗಳಿಲ್ಲ ಎಂದು ಶುರುವಾಗುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ‘ಮಂತ್ರಮುಗ್ಧ’, ‘ರೋಮಾಂಚನ’, ‘ಮೈಮರೆಸುವ ಕಂಠ’ ಇವನ್ನೂ ತೆಗೆಯಿರಿ. ಆಲ್ಬಮ್‌ನ ಯೇಸು ಇಯಾನ್ ಗಿಲ್ಲನ್‌ಗೂ ಮೈಮರೆಸುವ ಕಂಠ, 2018ರ ಯೇಸು ಜಾನ್ ಲೆಜೆಂಡ್‌ಗೂ ಮೈಮರೆಸುವ ಕಂಠ ಅಂದರೆ ಓದುಗನಿಗೆ ಯಾವ ದನಿ ಕೇಳಿಸಬೇಕು?

ಈಗ ತಪ್ಪುಗಳು. ‘ಕುಡ್ ವಿ ಸ್ಟಾರ್ಟ್ ಅಗೇನ್ ಪ್ಲೀಸ್’ ಹಾಡನ್ನು 1970ರ ಆಲ್ಬಮ್‌ನಿಂದ ಕತ್ತರಿಸಿದ್ದಾರೆ ಎಂದು ದೂರಿ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಾಗಿ ಹಾಡಿದ ಇವಾನ್ ಎಲಿಮನ್ ಅವರಿಗೆ ಅಲ್ಲಿ ಒಂದು ಅಂಕ ಕಡಿಮೆ ಮಾಡಿದ್ದೀರಿ. ಕತ್ತರಿಸಲು ಆಗ ಆ ಹಾಡೇ ಇರಲಿಲ್ಲ. ಅದು 1971ರಲ್ಲಿ ಬ್ರಾಡ್‌ವೇ ರಂಗಪ್ರದರ್ಶನಕ್ಕೆಂದು ಸೇರಿದ್ದು. ಹಾಗೆಯೇ ಮಹಾಯಾಜಕರ ‘ದೆನ್ ವಿ ಆರ್ ಡಿಸೈಡೆಡ್’ ಸಿನಿಮಾಕ್ಕೆಂದು ಸೇರಿದ್ದು. ಈ ಕೃತಿ ರಂಗದಿಂದ ಆಲ್ಬಮ್‌ಗೆ ಇಳಿದದ್ದಲ್ಲ. ಸಂಗೀತ ಕಟ್ಟಿದ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಮತ್ತು ಸಾಹಿತ್ಯ ಬರೆದ ಟಿಮ್ ರೈಸ್ ಮೊದಲು ಆಲ್ಬಮ್ ಮಾಡಿದರು, ರಂಗ ಆಮೇಲೆ ಬಂತು. ನಿಮ್ಮ ಲೇಖನ ಇದನ್ನು ತಿರುಗಾಮುರುಗಾ ಮಾಡಿಕೊಂಡಿರುವುದರಿಂದಲೇ ಆಲ್ಬಮ್‌ನಲ್ಲಿ ‘ನಾಟಕೀಯತೆ ಸಾಲದು’ ಎಂಬ ವಿಚಿತ್ರ ತೀರ್ಪಿಗೆ ಬಂದು ನಿಂತಿದೆ. ಆ ಗಾಯಕರ ಮುಂದೆ ವೇದಿಕೆಯೂ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ. ಇದ್ದದ್ದು ಮೈಕು ಮಾತ್ರ. ಕೇಳುವವನ ತಲೆಯೊಳಗೆ ಇಡೀ ಯೆರೂಸಲೇಮನ್ನು ದನಿಯಿಂದಲೇ ಕಟ್ಟಬೇಕಿತ್ತು.

ಇನ್ನೊಂದು: ಸಿನಿಮಾದಲ್ಲಿ ಯೇಸುವಾದ ಟೆಡ್ ನೀಲಿ ‘ಬಂಡೆ ಹತ್ತುತ್ತಲೇ, ಏದುಸಿರಿನಲ್ಲೂ’ ಗೆತ್ಸೆಮನೆ ಹಾಡನ್ನು, ಅಂದರೆ ಬಂಧನಕ್ಕೆ ಮೊದಲು ಯೇಸು ದೇವರನ್ನು ಪ್ರಶ್ನಿಸುವ ಹಾಡನ್ನು, ಹಾಡಿದ್ದಾರೆಂದು ಮೆಚ್ಚಿದ್ದೀರಿ. ಹಾಡುಗಳ ಧ್ವನಿಮುದ್ರಣ ಮೊದಲೇ ಆಗಿತ್ತು. ಇಸ್ರೇಲಿನ ಚಿತ್ರೀಕರಣದಲ್ಲಿ ನೀಲಿ ತಮ್ಮದೇ ದನಿಗೆ ತುಟಿ ಕೂಡಿಸಿ ನಟಿಸಿದರು. ಇದರಿಂದ ಅವರ ಸಾಧನೆ ಕಮ್ಮಿಯಾಗುವುದಿಲ್ಲ, ಬೇರೆಯಾಗುತ್ತದೆ. ದಣಿವನ್ನು ಮೊದಲು ಸ್ಟುಡಿಯೊದಲ್ಲಿ ಗಂಟಲಿಗೆ ತಂದುಕೊಂಡು, ಆಮೇಲೆ ಬಿಸಿಲಲ್ಲಿ ಅದೇ ದಣಿವಿಗೆ ಮೈ ಹೊಂದಿಸಬೇಕು. ಬರೆಯಬೇಕಿದ್ದದ್ದು ಇದರ ಬಗ್ಗೆ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಯೇಸುವಿನ ಪಾತ್ರಕ್ಕೆ ನೀವು ಕೊಟ್ಟ ಅಂಕಗಳೆಲ್ಲ ಒಂದೇ ಒಂದು ಸ್ವರದ ಮೇಲೆ ನಿಂತಿವೆ. ಗೆತ್ಸೆಮನೆ ಹಾಡಿನ ನಡುವೆ ಬರುವ ಆ ತಾರಸ್ಥಾಯಿಯ ಕೂಗು. ಇಯಾನ್ ಗಿಲ್ಲನ್ ಮುಟ್ಟಿದರು, ನೀಲಿ ಮುಟ್ಟಿದರು, ಜಾನ್ ಲೆಜೆಂಡ್ ಹಾಗೆ ಕೂಗಲಿಲ್ಲ, ಆದ್ದರಿಂದ ಐದೂವರೆ. ಹೀಗೆ ಲೆಕ್ಕ ಹಾಕುವುದಕ್ಕೆ ವಿಮರ್ಶಕನೇ ಬೇಕಿಲ್ಲ. 2012ರಲ್ಲಿ ಬೆನ್ ಫಾರ್ಸ್ಟರ್ ಯೇಸುವಿನ ಪಾತ್ರಕ್ಕೆ ಆಯ್ಕೆಯಾದದ್ದೇ ಬ್ರಿಟನ್ನಿನ ಐಟಿವಿ ನಡೆಸಿದ ಟಿವಿ ಸ್ಪರ್ಧೆಯಿಂದ. ಅಲ್ಲಿ ತೀರ್ಪುಗಾರರು ಇದ್ದರು, ವೀಕ್ಷಕರ ಮತವೂ ಇತ್ತು. ಆ ಕೆಲಸ ಮುಗಿದಿದೆ. ಅವರು ಮಾಡದೆ ಬಿಟ್ಟದ್ದನ್ನು ನೀವು ಮಾಡಬೇಕು.

ಅದೇ ಹಾಡಿನಲ್ಲಿ ಆ ಕೂಗಿಗಿಂತ ಮೊದಲು ಯೇಸು ತಾನು ಮೂರು ವರ್ಷ ದುಡಿದದ್ದು ಮೂವತ್ತು ವರ್ಷದಂತಿದೆ ಅನ್ನುವ ಸಾಲು ಬರುತ್ತದೆ. ಅಲ್ಲಿ ಸಾಹಸವೇನೂ ಇಲ್ಲ, ಸುಸ್ತು ಇದೆ. ಆ ಸಾಲೊಂದನ್ನೇ ಎಲ್ಲರಲ್ಲೂ ಕೇಳಿ. ನನ್ನ ಕಿವಿಗೆ ಗಿಲ್ಲನ್‌ರಲ್ಲಿ ಸುಸ್ತಿಗಿಂತ ಸಿಟ್ಟು ಹೆಚ್ಚು. ಲೆಕ್ಕ ಕೇಳಲು ಬಂದವನ ದನಿ ಅದು. ಡೀಪ್ ಪರ್ಪಲ್ ತಂಡದಲ್ಲಿ ಹಾರ್ಡ್ ರಾಕ್ ಹಾಡುತ್ತಿದ್ದ ಗಂಟಲಿಗೆ ದೇವರೊಡನೆಯೂ ಜಗಳವೇ ಸಲೀಸು. ನೀಲಿಯವರಲ್ಲಿ ಸಾಲು ತೆಳುವಾಗುತ್ತದೆ, ಸಿಟ್ಟು ಬರುವಷ್ಟು ಶಕ್ತಿಯೂ ಉಳಿದಿಲ್ಲವೇನೋ ಅನಿಸುತ್ತದೆ. ಹಾಗಾಗಿ ಮುಂದೆ ಬರುವ ಕೂಗು ಬೆಚ್ಚಿಬೀಳಿಸುತ್ತದೆ. ಲೆಜೆಂಡ್ ಅದನ್ನು ಬಲು ಸೊಗಸಾಗಿ ಹಾಡುತ್ತಾರೆ. ತೊಂದರೆ ಇರುವುದು ಆ ಸೊಗಸಿನಲ್ಲೇ. ಮೇಲಿನ ಸ್ವರ ತಪ್ಪಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ದಣಿದವನು ಹಾಡುತ್ತಿದ್ದಾನೆ ಎಂದು ಅಲ್ಲಿಯವರೆಗೆ ನನಗೆ ಅನಿಸಿಯೇ ಇರಲಿಲ್ಲ. ನೀವು ಒಪ್ಪಬೇಕಿಲ್ಲ. ಆದರೆ ಜಗಳವಾಡುವುದಾದರೆ ಇಂಥ ಜಾಗದಲ್ಲಿ ಆಡೋಣ.

ಇಡೀ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಆರನೇ ಪುಟದಲ್ಲಿ, ಮರಿಯಳ ‘ಐ ಡೋಂಟ್ ನೋ ಹೌ ಟು ಲವ್ ಹಿಮ್’ (ಇವನನ್ನು ಹೇಗೆ ಪ್ರೀತಿಸಲಿ, ಗೊತ್ತಿಲ್ಲ) ಹಾಡಿನ ಬಗ್ಗೆ ಇದೆ: ‘ಎಲಿಮನ್ ಸಿನಿಮಾದಲ್ಲಿ ಅದೇ ಹಾಡನ್ನು ಹಾಡುವಾಗ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದು ಮೊದಲೇ ಗೊತ್ತಿದ್ದವಳಂತೆ ಕೇಳುತ್ತಾಳೆ.’ ಇಷ್ಟು ಬರೆದು, ಒಂಬತ್ತು ಅಂಕ ಕೊಟ್ಟು ಮುಂದೆ ಓಡಿದ್ದೀರಿ! ನಿಮ್ಮ ಲೇಖನ ಇದ್ದದ್ದೇ ಅಲ್ಲಿ.

ಯಾಕೆ ಅಂದರೆ, ಬೇರೆ ಬೇರೆ ಗಾಯಕರನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಹೋಲಿಸುವಾಗ ಯಾವ ವ್ಯತ್ಯಾಸ ಯಾರದು ಎಂದು ಬಿಡಿಸುವುದೇ ಕಷ್ಟ. ಗಂಟಲಿನದೋ, ವಾದ್ಯಸಂಯೋಜನೆಯದೋ, ನಿರ್ದೇಶಕನದೋ, ಕಾಲದ ರುಚಿಯದೋ? ಗಂಟಲನ್ನು ಬದಲಿಸದೆ ಉಳಿದದ್ದೆಲ್ಲ ಬದಲಾದಾಗ ಏನಾಗುತ್ತದೆ ಎಂದು ನೋಡುವ ಅವಕಾಶ ಈ ಕೃತಿಯಲ್ಲಿ ತಾನಾಗಿ ಒದಗಿದೆ. ಎಲಿಮನ್ ಆಲ್ಬಮ್, ಬ್ರಾಡ್‌ವೇ, ಸಿನಿಮಾ ಮೂರರಲ್ಲೂ ಮರಿಯ. ಬ್ಯಾರಿ ಡೆನನ್ ಆ ಮೂರರಲ್ಲೂ ಯೇಸುವಿನ ವಿಚಾರಣೆ ನಡೆಸುವ ರೋಮನ್ ಅಧಿಕಾರಿ ಪಿಲಾತ. 1951ರಲ್ಲಿ ಹವಾಯಿಯಲ್ಲಿ ಹುಟ್ಟಿದ ಎಲಿಮನ್‌ಗೆ ಆಲ್ಬಮ್ ಹೊತ್ತಿಗೆ ಇಪ್ಪತ್ತೂ ತುಂಬಿರಲಿಲ್ಲ. ‘ಐ ಡೋಂಟ್ ನೋ ಹೌ ಟು ಲವ್ ಹಿಮ್’ ಹಾಡನ್ನು ಅವರು ಅಲ್ಲಿ ಹಾಡುವ ರೀತಿಯಲ್ಲಿ ನಾಟಕದ ತರಬೇತಿಯ ಸುಳಿವೇ ಇಲ್ಲ. ಆಮೇಲೆ ರಂಗ ಬಂತು, ದಿನದಿನವೂ ಅದೇ ಪ್ರಶ್ನೆಯನ್ನು ತುಂಬಿದ ಸಭಾಂಗಣಕ್ಕೆ ಕೇಳಬೇಕಾಯಿತು. ಆಮೇಲೆ ಸಿನಿಮಾ. ನೀವು ಕೇಳಿಸಿಕೊಂಡ ಆ ‘ಮೊದಲೇ ಗೊತ್ತಿದ್ದವಳು’ ಈ ಮೂರರ ನಡುವೆ ಎಲ್ಲೋ ಹುಟ್ಟಿದ್ದಾಳೆ. ಎಲ್ಲಿ ಎಂದು ಹುಡುಕಿ. ಬೇಕಿದ್ದರೆ ಹೆಲೆನ್ ರೆಡ್ಡಿ ಹಾಡಿದ್ದನ್ನೂ ಪಕ್ಕಕ್ಕಿಟ್ಟು ಕೇಳಿ; 1971ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಇಬ್ಬರ ಹಾಡೂ ಇತ್ತು. ಕಥೆಯಿಂದ ಹೊರಗೆ ತಂದಾಗ ಅದು ಬರೀ ಪ್ರೇಮಗೀತೆಯಾಗುತ್ತದೆಯೇ, ನೋಡಿ.

ಡೆನನ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ, ಇದು ಅನ್ಯಾಯ. ವಿಚಾರಣೆಯ ದೃಶ್ಯದಲ್ಲಿ ಪಿಲಾತ ಮೂವತ್ತೊಂಬತ್ತು ಚಾಟಿಯೇಟುಗಳನ್ನು ಎಣಿಸುತ್ತಾನೆ. ಆಲ್ಬಮ್‌ನಲ್ಲಿ ನಮಗೆ ಕಾಣುವುದೇನೂ ಇಲ್ಲ, ಅಂಕಿಗಳು ಮಾತ್ರ ಕೇಳುತ್ತವೆ. ಅಧಿಕಾರಿಯೊಬ್ಬ ಎಣಿಸುತ್ತ ಎಣಿಸುತ್ತ ಒಳಗೇ ಕುಸಿಯುವುದನ್ನು ಅಂಕಿಗಳಲ್ಲೇ ತೋರಿಸಬೇಕು. ಸಿನಿಮಾದಲ್ಲಿ ಚಾಟಿಯೂ ಬೆನ್ನೂ ಕಣ್ಣಿಗೆ ಬೀಳುತ್ತವೆ. ಆಗ ಅದೇ ನಟ ದನಿಗೆ ಎಷ್ಟು ಕೆಲಸ ಬಿಡುತ್ತಾನೆ, ಮುಖಕ್ಕೆ ಎಷ್ಟು ಕೊಡುತ್ತಾನೆ? ಒಂದು ಪುಟ ಇದಕ್ಕೇ ಕೊಡಿ.

ಯೇಸುವಿಗೆ ದ್ರೋಹ ಬಗೆಯುವ ಶಿಷ್ಯ ಯೂದನ ಭಾಗದಲ್ಲಿ ಸಿನಿಮಾದ ಕಾರ್ಲ್ ಆಂಡರ್ಸನ್‌ಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ. ನನಗೂ ಅವರೆಂದರೆ ಪ್ರಾಣ. ಆದರೆ ಅದಕ್ಕಾಗಿ ಆಲ್ಬಮ್‌ನ ಮರ್ರೆ ಹೆಡ್ ಅವರನ್ನು ‘ಒರಟು’ ಎಂದು ತಳ್ಳಿದ್ದು ಸರಿಯಲ್ಲ. ಮೊದಲ ಹಾಡು ‘ಹೆವನ್ ಆನ್ ದೇರ್ ಮೈಂಡ್ಸ್’ನಲ್ಲಿ ಯೂದ ಯೇಸುವನ್ನು ಹೆಸರು ಹಿಡಿದು ಕೂಗುತ್ತಾನಲ್ಲ, ಅಲ್ಲಿ ಕೇಳಿ. ಆಂಡರ್ಸನ್ ಕೂಗು ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಳಾದ ಗಾಸ್ಪೆಲ್ ಮತ್ತು ಅದರಿಂದ ಬೆಳೆದ ಸೋಲ್ ಸಂಗೀತದ ಕಡೆಯಿಂದ ಬರುತ್ತದೆ, ಆ ಒಂದು ಹೆಸರಿನಲ್ಲೇ ಭಕ್ತಿಯೂ ಆಪಾದನೆಯೂ ಬೆರೆತಿವೆ. ಹೆಡ್ ಕೂಗುವುದು ಜೊತೆಯಲ್ಲಿ ಓಡಾಡಿದ ಗೆಳೆಯನೊಬ್ಬ ಮುಖದೆದುರೇ ರೇಗಿದಂತೆ. ಇವು ಇಬ್ಬರು ಬೇರೆ ಯೂದರು, ಒಬ್ಬನೇ ಯೂದನ ಎರಡು ದರ್ಜೆಗಳಲ್ಲ. 2000ದ ಚಿತ್ರದ ಜೆರೋಮ್ ಪ್ರಾದೋನ್ ಅವರನ್ನು ‘ಫ್ರೆಂಚ್ ಉಚ್ಚಾರ ಕಿರಿಕಿರಿ’ ಎಂಬ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅವರ ದನಿಗೆ ಆಂಡರ್ಸನ್ ದನಿಯ ಭಾರವಿಲ್ಲ, ನಿಜ. ಆದರೆ ಅದು ಕ್ಯಾಮೆರಾ ಮುಖದ ಹತ್ತಿರವೇ ನಿಲ್ಲುವ ಚಿತ್ರ. ಅಳು ಗಂಟಲಿಗೆ ಬಂದು ಸಿಕ್ಕಿಕೊಂಡಾಗ ಸ್ವರ ಒಡೆಯಲು ಅವರು ಬಿಡುತ್ತಾರೆ. ಸಾವಿರಾರು ಜನ ತುಂಬಿದ ಅರೀನಾದಲ್ಲಿ 2012ರ ಯೂದ ಟಿಮ್ ಮಿಂಚಿನ್ ಹಾಗೆ ಮಾಡಿದ್ದರೆ ಹಿಂದಿನ ಸಾಲಿಗೆ ಅದು ತಲುಪುತ್ತಲೇ ಇರಲಿಲ್ಲ.

ಯೇಸುವನ್ನು ಗೇಲಿ ಮಾಡುವ ರಾಜ ಹೆರೋದನ ಪಾತ್ರಕ್ಕೆ ಎರಡು ಪುಟ ಹೆಚ್ಚಾಯಿತು. 2018ರಲ್ಲಿ ಆ ಪಾತ್ರ ಮಾಡಿದ ರಾಕ್ ಗಾಯಕ ಆಲಿಸ್ ಕೂಪರ್ ಪ್ರಸಿದ್ಧರು ಅನ್ನುವುದು ಬಿಟ್ಟರೆ ಆ ಪುಟಗಳಲ್ಲಿ ಏನೂ ಇಲ್ಲ. ಅವರನ್ನು ಉಳಿಸಿಕೊಳ್ಳಲೇಬೇಕು ಅಂತಿದ್ದರೆ 1996ರ ಲಂಡನ್ ಧ್ವನಿಮುದ್ರಣದಲ್ಲೂ ಹೆರೋದನ ಹಾಡನ್ನು ಹಾಡಿದವರು ಅವರೇ ಅನ್ನುವುದನ್ನು ಹಿಡಿಯಿರಿ. ಇಪ್ಪತ್ತೆರಡು ವರ್ಷದ ಅಂತರದಲ್ಲಿ ಒಂದೇ ಗಂಟಲು, ಒಂದೇ ಕಿಡಿಗೇಡಿ ಹಾಡು. ಒಂದು ಪ್ಯಾರಾ ಸಾಕು.

ತಾಳದ ವಿಷಯ ನೀವು ಮುಟ್ಟಿಲ್ಲ, ಮುಟ್ಟಿದರೆ ಒಳ್ಳೆಯದು. ಮರಿಯ ಯೇಸುವಿಗೆ ಸಮಾಧಾನ ಹೇಳುವ ‘ಎವೆರಿಥಿಂಗ್ಸ್ ಆಲ್‌ರೈಟ್’ ಐದರ ಎಣಿಕೆಯಲ್ಲಿದೆ, ದೇವಾಲಯದ ದೃಶ್ಯ ಏಳರದ್ದು. ಸಮಾಧಾನ ಹೇಳುವ ಹಾಡಿನ ಕಾಲೇ ಕುಂಟುತ್ತಿರುವಾಗ ಮರಿಯಳಾಗುವವಳು ಆ ಕುಂಟನ್ನು ಮರೆಸಿ ಹಾಡಬೇಕೋ, ತೋರಿಸಿ ಹಾಡಬೇಕೋ? 2018ರ ಮರಿಯ ಸಾರಾ ಬರೇಲಿಸ್ ಸ್ವತಃ ಹಾಡು ಕಟ್ಟುವವರು. ಎಲಿಮನ್ ಪಕ್ಕದಲ್ಲಿಟ್ಟು ಕೇಳಿದರೆ ನಿಮಗೇ ಏನಾದರೂ ಸಿಗಬಹುದು.

ಅಂಕಗಳ ಕೋಷ್ಟಕ ಬೇಡವೇ ಬೇಡ. ಶೀರ್ಷಿಕೆಯನ್ನೂ ಬಿಡಿ, ಅದು ನೀವು ಕೈಬಿಡಬೇಕಾದ ಪ್ರಶ್ನೆಯನ್ನೇ ಕೇಳುತ್ತದೆ. ಎಲಿಮನ್ ಮತ್ತು ಡೆನನ್ ಅವರಿಂದ ಶುರುಮಾಡಿ, ಅಲ್ಲಿಂದ ಇಬ್ಬರು ಯೂದರಿಗೆ ಬನ್ನಿ. ಯೇಸು ಕೊನೆಗೆ ಬಂದರೂ ನಡೆಯುತ್ತದೆ. ಹದಿನಾಲ್ಕು ಪುಟ ಏಳಕ್ಕೆ ಇಳಿಯಲಿ. ಹೆಸರುಗಳನ್ನು ಒಂದೇ ಕಡೆ ಮೂರು ಥರ ಬರೆದಿದ್ದೀರಿ, ಒಂದನ್ನು ಆರಿಸಿಕೊಳ್ಳಿ. ಹಾಡಿನ ಯಾವ ಸಾಲಿನ ಬಗ್ಗೆ ಹೇಳುತ್ತಿದ್ದೀರಿ ಅನ್ನುವುದು ಓದುಗನಿಗೆ ಹುಡುಕದೆ ಸಿಗುವಂತಿರಲಿ. ಹೊಸ ಕರಡು ಸಿದ್ಧವಾದಾಗ ನೇರ ನನಗೇ ಕಳಿಸಿ.

ಇಂತಿ,
ಸಂಪಾದಕ