ಏಳು ಗುರಿ ಹಾಕಿಕೊಂಡಿದ್ದ ಟೀಚರ್

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಜನವರಿ ಮೂರನೇ ವಾರ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾರೆ, ನಲವತ್ತರ ಆಸುಪಾಸು, ಇಬ್ಬರು ಮಕ್ಕಳು. ಹತ್ತು ವರ್ಷದಲ್ಲಿ ಆರು ಕತೆ ಅಚ್ಚಾಗಿವೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಕೂತ ತಕ್ಷಣ, "ಮೇಡಂ, ನನಗೆ ಶಿಸ್ತೇ ಇಲ್ಲ, ಅದಕ್ಕೇನಾದ್ರೂ ಹೇಳಿಕೊಡಿ" ಅಂದರು. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ಎರಡು ಬಸ್ ಬದಲಿಸಿ ಶಾಲೆ ಮುಟ್ಟಿ, ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ತಗೊಂಡು ಏಳು ಗಂಟೆಗೆ ಮನೆ ಸೇರುವ ಹೆಂಗಸು ಹೇಳೋ ಮಾತಾ ಇದು? ನಗು ಬಂತು, ನಗಲಿಲ್ಲ.

ಜನವರಿ 1ರ ರಾತ್ರಿ ಹೊಸ ಡೈರಿಯ ಮೊದಲ ಪುಟದಲ್ಲಿ ಏಳು ಗುರಿ ಬರೆದಿದ್ದರು. ದಿನಕ್ಕೆ 1,700 ಪದ. ಯುಗಾದಿಯೊಳಗೆ ಕಾದಂಬರಿ ಮುಗಿಸೋದು. ತಿಂಗಳಿಗೊಂದು ಕತೆ. ವರ್ಷಕ್ಕೆ 50 ಪುಸ್ತಕ ಓದೋದು. ಕಥಾ ಸಂಕಲನಕ್ಕೆ ಪ್ರಕಾಶಕರನ್ನು ಹುಡುಕೋದು. ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಯಲ್ಲಿ ಬಹುಮಾನ. ಏಳನೆಯದು, ಸುಮ್ನೆ ಮೊಬೈಲ್ ನೋಡದಿರೋದು. ಮೊದಲ ನಾಲ್ಕು ದಿನ ರಾತ್ರಿ ಒಂದರವರೆಗೆ ಕೂತು ಹೇಗೋ ಬರೆದರು. ಐದನೇ ದಿನ ಮಗನಿಗೆ ಜ್ವರ. ಆರನೇ ದಿನ, ನಿನ್ನೆಯದೂ ಸೇರಿ 3,400 ಪದ ಅಂತ ಲೆಕ್ಕ ಹಾಕಿ, ಅದನ್ನು ನೋಡಿಯೇ ಸುಸ್ತಾಗಿ ಮಲಗಿದರು. ಸಂಕ್ರಾಂತಿ ಹೊತ್ತಿಗೆ ಬಾಕಿ 17,000. ಅಲ್ಲಿಂದ ಮುಂದೆ ಬರೆಯುವ ಮೇಜಿನ ಹತ್ತಿರವೂ ಹೋಗಿಲ್ಲ. ಮುಳುಗಿದವನಿಗೆ ಚಳಿಯೇನು, ಮಳೆಯೇನು ಅಂತಾರಲ್ಲ, ಆ ಸ್ಥಿತಿ. ಬಿಟ್ಟ ಮೇಲೆ ಪೂರ್ತಿ ಬಿಟ್ಟರು, ಓದುವುದನ್ನೂ.

ಗುರಿಯ ಮಾತಿಗೆ ಮೊದಲು ನಿದ್ದೆ, ಊಟ ವಿಚಾರಿಸಿದೆ. ನಿದ್ದೆ ಕಡಿಮೆಯಾಗಿತ್ತು, ಮಕ್ಕಳ ಮೇಲೆ ರೇಗುತ್ತಿದ್ದರು, ಆದರೆ ಕೆಲಸ, ಊಟ, ನಗು ಎಲ್ಲ ಇತ್ತು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ಅಥವಾ ಬದುಕೇ ಬೇಡ ಅನ್ನಿಸುತ್ತೆ ಅಂದಿದ್ದರೆ ನಾನು ಪದಗಳ ಲೆಕ್ಕ ಮಾತಾಡುತ್ತಾ ಕೂರುತ್ತಿರಲಿಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುವ ಯಾರಿಗಾದರೂ ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

ಈ 1,700 ಎಲ್ಲಿಂದ ಬಂತು ಅಂತ ಕೇಳಿದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ನ್ಯಾನೊರೈಮೊ ಅನ್ನೋ ಸವಾಲು ಇತ್ತು, ನವೆಂಬರ್ ಒಂದು ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯೋದು. ದಿನಕ್ಕೆ 1,667 ಆಗುತ್ತೆ. ಇವರು ರೌಂಡ್ ಫಿಗರ್ ಇರಲಿ ಅಂತ 1,700 ಮಾಡಿಕೊಂಡಿದ್ದರು! ಕನ್ನಡದ ಟೀಚರ್ ಆಗಿ ಒಂದು ವಿಷಯ ಮರೆತಿದ್ದರು. ಆ ಲೆಕ್ಕ ಇಂಗ್ಲಿಷಿನದು. 'ಬರೆಯಲಾಗದ್ದರಿಂದ' ಅಂತ ನಾವು ಒಂದೇ ಪದದಲ್ಲಿ ಮುಗಿಸೋದಕ್ಕೆ ಅವರಿಗೆ 'ಬಿಕಾಸ್ ಐ ಕುಡ್ ನಾಟ್ ರೈಟ್' ಅಂತ ಐದು ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಒಂದೇ ಪದಕ್ಕೆ ಅಂಟಿಸುವ ಭಾಷೆಯಲ್ಲಿ 1,700 ಪದ ಅಂದರೆ ಅವರ 1,700ಕ್ಕಿಂತ ಎಷ್ಟೋ ಜಾಸ್ತಿ ಕೆಲಸ. ಇದನ್ನು ಹೇಳಿದಾಗ ಟೀಚರ್ ಮೊದಲ ಸಲ ಜೋರಾಗಿ ನಕ್ಕರು. "ಮಕ್ಕಳಿಗೆ ಸಂಧಿ ಸಮಾಸ ನಾನೇ ಹೇಳಿಕೊಡೋದು ಮೇಡಂ!"

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಭೇಟಿಯಲ್ಲಿ ನಾನು ಗುರಿಯನ್ನು ಇಳಿಸಿ ಕಳಿಸಿದೆ, ದಿನಕ್ಕೆ 300 ಪದ ಸಾಕು ಅಂತ. ಎರಡು ವಾರ ಬಿಟ್ಟು ಇನ್ನೂ ಸೊರಗಿ ಬಂದರು. 300 ಕೂಡ ಆಗಿರಲಿಲ್ಲ, ಜೊತೆಗೆ "ಇಷ್ಟು ಸುಲಭದ್ದೂ ನನ್ನ ಕೈಲಾಗಲ್ಲ" ಅನ್ನೋದು ಸೇರಿಕೊಂಡಿತ್ತು. ಅವರ ದಿನ ಹೇಗಿರುತ್ತೆ ಅಂತ ತಿಳಿಯದೆ ಹಾಕಿಕೊಟ್ಟ ಗುರಿ ಅದು. ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ, ಸ್ವಲ್ಪ ಕಡಿಮೆ ಅಂಕಿಯಲ್ಲಿ.

ಎರಡನೇ ಸಲ ಗುರಿಯನ್ನೇ ತೆಗೆದುಬಿಟ್ಟೆವು. ಎರಡು ವಾರ ಬರೆಯಲೇಬೇಕು ಅಂತಿಲ್ಲ, ಬರೆಯಬೇಕು ಅನ್ನಿಸಿದ್ದು ಯಾವಾಗ, ಕೂರಲು ಆಗಿದ್ದು ಯಾವಾಗ, ಅಷ್ಟನ್ನು ಗುರುತು ಹಾಕಿಕೊಳ್ಳಿ ಅಂದೆ. ತಂದ ಪುಟ ನೋಡಿದರೆ ವಾರದ ದಿನಗಳಲ್ಲಿ ರಾತ್ರಿ ಒಂದಕ್ಷರವೂ ಇಲ್ಲ. ಹೊಳೆಯುವುದೆಲ್ಲ ಎರಡನೇ ಬಸ್ಸಿನಲ್ಲಿ, ಸೀಟು ಸಿಕ್ಕ ದಿನ. ಶನಿವಾರ ಬೆಳಗಿನ ಶಾಲೆ, ಲಾಂಗ್ ಬೆಲ್ ಹೊಡೆದ ಮೇಲೆ ಅವರ ಬಸ್ಸಿಗೆ ಇನ್ನೂ ಐವತ್ತು ನಿಮಿಷ ಇರುತ್ತೆ, ಸ್ಟಾಫ್ ರೂಮು ಖಾಲಿ. ಆ ಐವತ್ತು ನಿಮಿಷ ಅವರಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಬರೆಯುವುದು ಅಂದರೆ ರಾತ್ರಿ, ಮೇಜು, ದೀಪ ಅಂದುಕೊಂಡಿದ್ದರು.

ಆಮೇಲೆ ಶಾಲೆಯ ಕ್ಯಾಲೆಂಡರ್ ಮೇಜಿನ ಮೇಲೆ ಹರಡಿದೆವು. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರ ಬೆನ್ನಿಗೇ ಮೌಲ್ಯಮಾಪನ. ಹೈಸ್ಕೂಲ್ ಟೀಚರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳನ್ನೇ ಆರಿಸಿ, ಯುಗಾದಿಗೆ ಕಾದಂಬರಿ ಅಂತ ಬರೆದುಕೊಂಡಿದ್ದಾರೆ! ಕೆಲಸ ಎಷ್ಟು ದಿನ ಹಿಡಿಯುತ್ತೆ ಅಂತ ಅಂದಾಜಿಸುವಾಗ ಹೆಚ್ಚಿನವರು ಹೀಗೇ ಎಡವುತ್ತಾರೆ. ಕೆನಡಾದಲ್ಲಿ ಪದವಿಯ ಸಂಶೋಧನಾ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಅಧ್ಯಯನವೊಂದು 1994ರಲ್ಲಿ ಬಂತು. ಅವರ ಅಂದಾಜು ಸರಾಸರಿ 34 ದಿನ. ಎಲ್ಲಾ ಕೆಟ್ಟು ಕೂತರೆ? ಸುಮಾರು 49 ದಿನ ಅಂದಿದ್ದರು. ಹಿಡಿದಿದ್ದು 55 ದಿನಕ್ಕೂ ಜಾಸ್ತಿ. ಮಗನ ಜ್ವರ, ನೆಂಟರ ಮದುವೆ, ಕರೆಂಟ್ ಹೋಗೋದು, ಇವನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಲ್ವಾ.

ಮೂರನೇ ಭೇಟಿಯಲ್ಲಿ ನಿಜವಾದ ವಿಷಯ ಹೊರಬಂತು. ಡಿಸೆಂಬರಿನಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದರು, ಇವರ ಜೊತೆಯಲ್ಲೇ ಬರೆಯಲು ಶುರುಮಾಡಿದ ಗೆಳತಿಯದು. ಕಾಫಿ ಕುಡಿಯುವಾಗ ಯಾರೋ "ನೀವು ಈಗ ಬರೀತಿಲ್ವಾ?" ಅಂದರಂತೆ. ಅಷ್ಟೇ. ಆ ಏಳು ಗುರಿಯೂ ಆ ಒಂದು ಪ್ರಶ್ನೆಗೆ ಬರೆದ ಉತ್ತರ. ಇದನ್ನು ಹೇಳುವಾಗ ಅತ್ತರು. ನಾನು ಸಲಹೆ ಕೊಡಲಿಲ್ಲ, ನೀರು ಕೊಟ್ಟೆ.

ಕೊನೆಗೆ ಉಳಿಸಿಕೊಂಡದ್ದು ಇಷ್ಟು. ಶನಿವಾರ ಲಾಂಗ್ ಬೆಲ್ ಆದ ಕೂಡಲೇ ನೋಟ್‌ಬುಕ್ ತೆಗೆಯೋದು, ಬಸ್ಸಿನ ಹೊತ್ತಿಗೆ ಮುಚ್ಚೋದು, ಬಂದದ್ದು ನಾಲ್ಕು ಸಾಲಾದರೂ ಸರಿ. ಪದ ಎಣಿಸುವ ಹಾಗಿಲ್ಲ. ಒಂದು ಶನಿವಾರ ತಪ್ಪಿದರೆ ಅದು ಹೋಯಿತು, ಮುಂದಿನ ವಾರಕ್ಕೆ ಬಾಕಿ ಹಾಕುವಂತಿಲ್ಲ. ಅಭ್ಯಾಸ ಕೂಡಲು 21 ದಿನ ಸಾಕು ಅನ್ನೋ ಮಾತನ್ನು ನಂಬಬೇಡಿ ಅಂತಲೂ ಹೇಳಿದೆ, ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು, ಒಬ್ಬೊಬ್ಬರಿಗೆ ಒಂದೊಂದು ಥರ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೂ ಆಗಿರಲಿಲ್ಲ. ಪರೀಕ್ಷೆ ಶುರುವಾದಾಗಿನಿಂದ ಮೌಲ್ಯಮಾಪನ ಮುಗಿಯುವವರೆಗೆ ಬರವಣಿಗೆಗೆ ರಜೆ, ಡೈರಿಯಲ್ಲಿ ಬರೆದೇ ಹಾಕಿದ ರಜೆ. ಬೇಸಿಗೆ ರಜೆಯಲ್ಲಿ ಒಂದು ಕತೆ ಮುಗಿಸೋದು, ಮುಗಿಸೋದು ಅಂದರೆ ತಿದ್ದಿ ಒಬ್ಬರಿಗೆ ಓದಲು ಕೊಡೋದು. ಕಾದಂಬರಿಗೆ ತಾರೀಖಿಲ್ಲ.

ಬಹುಮಾನದ ಸಾಲು ಹೊಡೆದುಹಾಕಲು ಮಾತ್ರ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕತೆ ಕಳಿಸೋದು ನಿಮ್ಮ ಕೈಯಲ್ಲಿದೆ, ತೀರ್ಪು ಬೇರೆಯವರದು, ಹಾಗಾಗಿ ಅದನ್ನು ಬೇರೆ ಪುಟದಲ್ಲಿ ಆಸೆ ಅಂತ ಬರೆದಿಡಿ ಅಂದೆ. ಕೊನೆಯ ದಿನಾಂಕ ಹಬ್ಬಕ್ಕೆ ಎಷ್ಟೋ ಮೊದಲೇ ಬರುತ್ತೆ, ಆ ತಾರೀಖನ್ನು ಮಾತ್ರ ಗುರಿಯ ಪುಟದಲ್ಲಿ ಹಾಕಿಕೊಂಡರು.

ಮೇ ಕೊನೆಗೆ ಕತೆ ಮುಗಿಯಿತು, ಗೆಳತಿಗೇ ಓದಲು ಕೊಟ್ಟರು. ಅದು ಅವರದೇ ಯೋಚನೆ, ನನ್ನದಲ್ಲ. ಶಾಲೆ ಶುರುವಾದ ಮೇಲೆ ಮೂರು ಶನಿವಾರ ತಪ್ಪಿತು, ನಾಲ್ಕನೆಯದಕ್ಕೆ ಕೂತರು. ಕಾದಂಬರಿ ಎರಡು ಅಧ್ಯಾಯದಲ್ಲಿ ನಿಂತಿದೆ. ನಿದ್ದೆ ಸರಿಯಾಗಿದೆ.

ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮೇಡಂ, ಬಸ್ಸಲ್ಲಿ ಹೊಳೆದಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಅದೂ ಬರೆದ ಲೆಕ್ಕಾನಾ?" ಅಂತ ಕೇಳಿದರು. ಲೆಕ್ಕ ಇಡಬೇಡಿ ಟೀಚರ್ ಅಂದೆ. "ಸ್ವಲ್ಪ ಇಡ್ತೀನಿ" ಅಂದರು.