ಪಾಯ ತೋಡುವಾಗ ಪಕ್ಕದ ಮನೆ ಬಿರುಕು ಬಿಟ್ಟರೆ ಇನ್ಶೂರೆನ್ಸ್ ಸಿಗುತ್ತಾ?

ಪ್ರಶ್ನೆ: ನಾನು ಜನರಲ್ ಕಾಂಟ್ರಾಕ್ಟರ್. ಬೇಸ್‌ಮೆಂಟ್‌ಗೆ ಮಣ್ಣು ತೆಗೆಯುವಾಗ ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಿದೆ. ಮಣ್ಣು ತೆಗೆದದ್ದು ಸಬ್ ಕಾಂಟ್ರಾಕ್ಟರ್. ನನ್ನ ಹೆಸರಲ್ಲಿ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಪಾಲಿಸಿ ಇದೆ. ಮನೆಯವರು ಪರಿಹಾರ ಕೇಳುತ್ತಿದ್ದಾರೆ. ಈಗ ಕೊಟ್ಟು, ಆಮೇಲೆ ಕ್ಲೇಮ್ ಮಾಡಿಕೊಳ್ಳಬಹುದಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ತಪ್ಪು ನಮ್ಮದೇ ಅಂತ ಬರೆದೂ ಕೊಡಬೇಡಿ. ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಂಡರೆ ಕ್ಲೇಮ್ ಅಲ್ಲೇ ಬಿದ್ದುಹೋಗಬಹುದು. ಇವತ್ತೇ ಕಂಪನಿಗೆ ಬರಹದಲ್ಲಿ ತಿಳಿಸಿ. ಬಿರುಕಿನ ಫೋಟೋ ತೆಗೆದಿಡಿ, ಹಾನಿ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಮುಚ್ಚಿಸಬೇಡಿ. ಗೋಡೆ ವಾಲುತ್ತಿದ್ದರೆ ಮಾತ್ರ ಯಾರಿಗೂ ಕಾಯಬೇಡಿ. ಅಗೆತ ನಿಲ್ಲಿಸಿ, ಮನೆಯವರನ್ನು ಹೊರಗೆ ಕರೆಸಿ, ಗೋಡೆಗೆ ಆಸರೆ ಕೊಡಿಸಿ. ಜೀವ ಮೊದಲು.

ಈ ಪಾಲಿಸಿಯಲ್ಲಿ ಎರಡು ಭಾಗ ಇರುತ್ತವೆ. ಮೊದಲನೆಯದು ನೀವು ಕಟ್ಟುತ್ತಿರುವ ಕೆಲಸಕ್ಕೆ ಆಗುವ ಹಾನಿಗೆ. ಎರಡನೆಯದು ಥರ್ಡ್ ಪಾರ್ಟಿಗೆ, ಅಂದರೆ ಹೊರಗಿನವರಿಗೆ ಆಗುವ ಹಾನಿಗೆ. ನಿಮ್ಮ ವಿಷಯ ಎರಡನೆಯದಕ್ಕೆ ಬರುತ್ತದೆ. ಆದರೆ ಅದುರಿದ್ದರಿಂದ ಅಥವಾ ಪಾಯದ ಪಕ್ಕದ ಮಣ್ಣು ಸಡಿಲಾಗಿದ್ದರಿಂದ ಆದ ಹಾನಿಯನ್ನು ಮೂಲ ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ. ಅದಕ್ಕೆ ಪ್ರತ್ಯೇಕ ಎಂಡಾರ್ಸ್‌ಮೆಂಟ್, ಅಂದರೆ ಮೂಲ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು ಬೇಕು. ನಿಮ್ಮ ಪಾಲಿಸಿಯ ಕೊನೆಯ ಪುಟಗಳಲ್ಲಿ ಅದು ಇದೆಯಾ ಅಂತ ಮೊದಲು ಹುಡುಕಿ.

ಇದ್ದರೂ ಷರತ್ತು ಬಿಗಿ. ಕಟ್ಟಡ ಪೂರ್ತಿ ಅಥವಾ ಒಂದು ಭಾಗವಾದರೂ ಕುಸಿದಿದ್ದರೆ ಮಾತ್ರ ದುಡ್ಡು ಅಂತ ಹೆಚ್ಚಿನ ಕಡೆ ಬರೆದಿರುತ್ತದೆ. ಭದ್ರತೆಗೆ ಧಕ್ಕೆ ಇಲ್ಲದ ಮೇಲ್ಮೈ ಬಿರುಕಿಗೆ ಏನೂ ಸಿಗುವುದಿಲ್ಲ. ಕೆಲಸ ಶುರುವಾಗುವ ಮುಂಚೆ ಆ ಕಟ್ಟಡ ಗಟ್ಟಿಯಾಗಿತ್ತು ಅನ್ನುವುದೂ ಮುಖ್ಯ. ಅದಕ್ಕೇ ಅಗೆಯುವ ಮೊದಲು ಅಕ್ಕಪಕ್ಕದ ಕಟ್ಟಡಗಳ ಸ್ಥಿತಿ ವರದಿ ಕೇಳುತ್ತಾರೆ. ಪ್ರತಿ ಗೋಡೆಯ ಫೋಟೋ, ಹಳೇ ಬಿರುಕಿನ ಉದ್ದ ಅಗಲ, ತಾರೀಖು, ಸಾಧ್ಯವಾದರೆ ಮನೆಯವರ ಸಹಿ. ಖರ್ಚು ಕಾಂಟ್ರಾಕ್ಟರದ್ದೇ. ಅದನ್ನು ಉಳಿಸಲು ಹೋಗಿ ಒಳ್ಳೆಯ ಕೆಲಸಗಾರರು ನಷ್ಟಕ್ಕೆ ಬೀಳುವುದು ನೋಡಿದರೆ ನನಗೆ ಬಹಳ ಬೇಸರ ಆಗುತ್ತದೆ.

ಸಬ್ ಕಾಂಟ್ರಾಕ್ಟರ್ ಮಾಡಿದ್ದು ಅಂದ ಮಾತ್ರಕ್ಕೆ ನೀವು ಪಾರಾಗುವುದಿಲ್ಲ. ಪಕ್ಕದ ಮನೆಯವರಿಗೆ ಸೈಟ್‌ನಲ್ಲಿ ಕಾಣುವುದು ನೀವೇ ಅಲ್ವಾ? ಪಾಲಿಸಿಯಲ್ಲಿ ಸಬ್ ಕಾಂಟ್ರಾಕ್ಟರ್ ಹೆಸರೂ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ಕಂಪನಿ ನಿಮ್ಮ ಕ್ಲೇಮ್ ಕೊಟ್ಟು, ಆ ದುಡ್ಡನ್ನು ಅವರಿಂದ ವಸೂಲಿ ಮಾಡಲು ಹೋಗಬಹುದು. ಅವರ ಬಳಿ ಬೇರೆ ಪಾಲಿಸಿ ಇದ್ದರೆ ಅದರ ಪ್ರತಿಯನ್ನು ಈಗಲೇ ತರಿಸಿಕೊಳ್ಳಿ.

ನೀವು ಕೇಳದ ಒಂದು ವಿಷಯ. ನಿಮ್ಮ ಕೂಲಿಯವರಿಗೆ ಪೆಟ್ಟಾದರೆ ಈ ಥರ್ಡ್ ಪಾರ್ಟಿ ಭಾಗ ಬರುವುದಿಲ್ಲ, ಅವರಿಗೆ ಕಾರ್ಮಿಕ ಪರಿಹಾರದ ಪಾಲಿಸಿ ಬೇರೆಯೇ ಬೇಕು.

ಪಾಲಿಸಿ ಮೊತ್ತವನ್ನೂ ಪರಿಶೀಲಿಸಿ. ಮಾಲೀಕರು ಕೊಡಿಸುವ ಸಾಮಗ್ರಿಯೂ ಸೇರಿ ಪೂರ್ತಿ ಕೆಲಸದ ಬೆಲೆ ಅದರಲ್ಲಿರಬೇಕು. 100 ಇರಬೇಕಾದ ಕಡೆ 80 ತೋರಿಸಿದ್ದರೆ, ನಿಮ್ಮ ಕೆಲಸಕ್ಕೆ ಆಗುವ ಸಣ್ಣ ಹಾನಿಯಲ್ಲೂ ಶೇಕಡಾ 80 ಮಾತ್ರ ಕೊಡುತ್ತಾರೆ. ಈ ಗಲಾಟೆಯಲ್ಲಿ ಕೆಲಸ ತಡವಾದರೆ, ಅವಧಿ ಮುಗಿಯುವ ಮೊದಲೇ ಪಾಲಿಸಿ ವಿಸ್ತರಿಸಿಕೊಳ್ಳಿ.